ಚಿಕ್ಕ ವೂಫರ್‌ಗೆ ಟ್ರಾನ್ಸ್‌ಮಿಷನ್ ಲೈನ್ ಪೆಟ್ಟಿಗೆ: ಲೆಕ್ಕದಿಂದ ಮರಗೆಲಸದವರೆಗೆ

ಐದು ಇಂಚಿನ ವೂಫರ್ (ಕೆಳಗಿನ ಸ್ವರಗಳ ಸ್ಪೀಕರ್) ಒಂದನ್ನು ಪೆಟ್ಟಿಗೆ ಇಲ್ಲದೆ ಹಾಗೇ ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ. ಬಾಸ್ ಇರುವುದೇ ಇಲ್ಲ. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಎರಡು ಅಲೆಗಳು ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಎಲ್ಲ ಸ್ಪೀಕರ್ ಪೆಟ್ಟಿಗೆಗಳೂ ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: ಹಿಂದಿನ ಅಲೆಯನ್ನು ಏನು ಮಾಡುವುದು? ಮುಚ್ಚಿದ ಪೆಟ್ಟಿಗೆ ಅದನ್ನು ಒಳಗೇ ಕೂಡಿಹಾಕುತ್ತದೆ. ಬಾಸ್ ರಿಫ್ಲೆಕ್ಸ್ ಪೆಟ್ಟಿಗೆ ಒಂದು ಪೋರ್ಟ್ (ಗಾಳಿ ಹೊರಬರುವ ಗಿಡ್ಡ ಕೊಳವೆ) ಇಟ್ಟು, ಒಂದು ಸ್ವರದ ಆಸುಪಾಸಿನಲ್ಲಿ ಅದನ್ನು ಹೊರಗೆ ಬಿಡುತ್ತದೆ. ಟ್ರಾನ್ಸ್‌ಮಿಷನ್ ಲೈನ್ ಅದನ್ನು ಉದ್ದನೆಯ ಒಂದು ದಾರಿಯಲ್ಲಿ ನಡೆಸುತ್ತದೆ. ಮೇಲಿನ ಸ್ವರಗಳನ್ನು ದಾರಿಯಲ್ಲೇ ಹೀರಿಕೊಂಡು, ಕೆಳಗಿನ ಬಾಸನ್ನು ಮಾತ್ರ ಇನ್ನೊಂದು ತುದಿಯಿಂದ ಹೊರಗೆ ಕಳಿಸುತ್ತದೆ.

ಇದು ಹೊಸ ವಿಚಾರವೇನಲ್ಲ. 1930ರ ದಶಕದಲ್ಲೇ ಸ್ಟ್ರಾಂಬರ್ಗ್-ಕಾರ್ಲ್‌ಸನ್ ಕಂಪನಿಯ ಬೆಂಜಮಿನ್ ಓಲ್ನಿ ‘ಅಕೌಸ್ಟಿಕ್ ಲ್ಯಾಬಿರಿಂತ್’ ಎಂಬ ಹೆಸರಿನಲ್ಲಿ ಮಡಿಸಿದ ಕೊಳವೆಯ ಪೆಟ್ಟಿಗೆ ಮಾಡಿದ್ದರು. 1965ರಲ್ಲಿ ಆರ್ಥರ್ ಬೇಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅಂಥದೇ ಕೊಳವೆಗೆ ಉದ್ದ ಎಳೆಯ ಉಣ್ಣೆ ತುಂಬಿದ ವಿನ್ಯಾಸ ಪ್ರಕಟಿಸಿದರು. ಇವತ್ತು ನಾವು ಟ್ರಾನ್ಸ್‌ಮಿಷನ್ ಲೈನ್ ಅನ್ನುವುದು ಹೆಚ್ಚುಕಮ್ಮಿ ಅದನ್ನೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಪೆಟ್ಟಿಗೆ ಮಾಡಲು ಹೊರಟವರು ಸಾಮಾನ್ಯವಾಗಿ ಲೈನಿನ ಉದ್ದದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಉದ್ದದ ಲೆಕ್ಕ ಐದು ನಿಮಿಷದ್ದು. ನಿಜವಾದ ಕೆಲಸ ಇರುವುದು ಬೇಡದ ಸ್ವರಗಳನ್ನು ಅಡಗಿಸುವುದರಲ್ಲಿ. ಕೊಳವೆಗೆ ತನ್ನದೇ ಆದ ಒಂದು ಮೂಲ ಸ್ವರ ಇರುತ್ತದೆ, ಅದು ನಮಗೆ ಬೇಕು. ಅದರ ಜೊತೆಗೆ ಬರುವ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಬೇಡ. ಅವನ್ನು ಅಡಗಿಸಲು ಮೂರು ಉಪಾಯಗಳಿವೆ: ಲೈನನ್ನು ಕಿರಿದಾಗಿಸುತ್ತಾ ಹೋಗುವುದು, ವೂಫರನ್ನು ಸರಿಯಾದ ಜಾಗದಲ್ಲಿ ಕೂರಿಸುವುದು, ಸ್ಟಫಿಂಗ್ (ಲೈನಿನೊಳಗೆ ಎಳೆ ತುಂಬುವುದು). ಮುಂದಿನದೆಲ್ಲ ಬಹುಪಾಲು ಈ ಮೂರರ ಕತೆ.

1. ವೂಫರ್ ಯಾವುದಿರಬೇಕು

ಡೇಟಾಶೀಟಿನಲ್ಲಿ ಐದು ಸಂಖ್ಯೆ ನೋಡಿ. ಎಫ್‌ಎಸ್ ಅಂದರೆ ವೂಫರ್ ತಾನಾಗಿ ಕಂಪಿಸುವ ಫ್ರೀಕ್ವೆನ್ಸಿ. ಕ್ಯೂಟಿಎಸ್ ಅಂದರೆ ಆ ಕಂಪನಕ್ಕೆ ಎಷ್ಟು ಕಡಿವಾಣ ಇದೆ ಎಂಬ ಅಳತೆ. ವಿಎಎಸ್ ಅಂದರೆ ಅದರ ಸಸ್ಪೆನ್ಷನ್‌ನಷ್ಟೇ ಬಿಗಿ ಇರುವ ಗಾಳಿಯ ಪ್ರಮಾಣ. ಎಸ್‌ಡಿ ಕೋನಿನ ವಿಸ್ತೀರ್ಣ. ಎಕ್ಸ್‌ಮ್ಯಾಕ್ಸ್ ಅಂದರೆ ಕೋನ್ ಒಂದು ಕಡೆಗೆ ಎಷ್ಟು ಮಿಲಿಮೀಟರ್ ಸರಿಯಾಗಿ ಚಲಿಸಬಲ್ಲದು ಎಂಬುದು.

ಲೈನಿಗೆ ಕ್ಯೂಟಿಎಸ್ 0.3ರಿಂದ 0.45ರ ನಡುವೆ ಇದ್ದರೆ ಕೆಲಸ ಸುಲಭ. 0.5 ದಾಟಿದ ವೂಫರೂ ನಡೆಯುತ್ತದೆ, ಆದರೆ ಪೆಟ್ಟಿಗೆ ದೊಡ್ಡದಾಗುತ್ತದೆ, ಸ್ಟಫಿಂಗ್ ಜಾಸ್ತಿ ಬೇಕಾಗುತ್ತದೆ. ಡೇಟಾಶೀಟಿನ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ವೂಫರನ್ನು ಕೆಲವು ಗಂಟೆ ಓಡಿಸಿ, ಆಮೇಲೆ ನೀವೇ ಅಳೆದುಕೊಳ್ಳುವುದು ಒಳ್ಳೆಯದು.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಐದು ಇಂಚಿನ ವೂಫರ್, ಎಫ್‌ಎಸ್ 50 ಹರ್ಟ್ಜ್, ಕ್ಯೂಟಿಎಸ್ 0.38, ವಿಎಎಸ್ 12 ಲೀಟರ್, ಎಸ್‌ಡಿ 88 ಚದರ ಸೆಂ.ಮೀ., ಎಕ್ಸ್‌ಮ್ಯಾಕ್ಸ್ 5 ಮಿ.ಮೀ.

ಇಂಥ ವೂಫರ್‌ನಿಂದ ಏನು ನಿರೀಕ್ಷಿಸಬಹುದು? ಅದರ ಕೋನ್ ಒಂದೇ ಪೂರ್ತಿ 5 ಮಿ.ಮೀ. ಓಡಿದರೂ 40 ಹರ್ಟ್ಜ್‌ನಲ್ಲಿ ಒಂದು ಮೀಟರ್ ದೂರಕ್ಕೆ ಸುಮಾರು 85 ಡೆಸಿಬೆಲ್ ಮಾತ್ರ ಕೊಡಬಲ್ಲದು, ಅದೂ ನೆಲದ ಆಸರೆ ಇದ್ದರೆ. ಲೈನ್ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಆದರೂ ಚಿಕ್ಕ ವೂಫರ್ ಚಿಕ್ಕ ವೂಫರೇ. ಆಳವಾದ ಬಾಸ್ ಸಿಗುತ್ತದೆ, ಮನೆ ನಡುಗಿಸುವ ಬಾಸ್ ಸಿಗುವುದಿಲ್ಲ.

ಇನ್ನೊಂದು ಮಾತು. ಇದೇ ವೂಫರ್‌ಗೆ ಬಾಸ್ ರಿಫ್ಲೆಕ್ಸ್ ಪೆಟ್ಟಿಗೆ ಮಾಡಿದರೆ ಎಂಟು ಲೀಟರಿನ ಆಸುಪಾಸಿನಲ್ಲಿ ಮುಗಿಯಬಹುದು. ಲೈನಿಗೆ ಹದಿನೆಂಟು ಬೇಕು. ಜಾಗ ಉಳಿಸುವುದೇ ಮುಖ್ಯ ಅಂದರೆ ಇಲ್ಲಿಗೇ ನಿಲ್ಲಿಸಬಹುದು. ಬಾಸ್ ಗುಂಯ್ ಅನ್ನದೆ ತಟ್ಟನೆ ನಿಲ್ಲಬೇಕು, ಕೆಳಗೆ ಇಳಿಯುವಾಗ ಮೆಲ್ಲಗೆ ಇಳಿಯಬೇಕು ಅನ್ನುವವರು ಮುಂದೆ ಓದಿ.

2. ಉದ್ದ

ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದಿರುವ ಕೊಳವೆ, ತನ್ನ ಉದ್ದದ ನಾಲ್ಕರಷ್ಟು ಇರುವ ಅಲೆಗೆ ಮೊದಲು ದನಿಗೂಡುತ್ತದೆ. ಲೆಕ್ಕ ಇಷ್ಟೇ: ಶಬ್ದದ ವೇಗವನ್ನು (ಸೆಕೆಂಡಿಗೆ 344 ಮೀಟರ್) ಬೇಕಾದ ಫ್ರೀಕ್ವೆನ್ಸಿಯ ನಾಲ್ಕರಷ್ಟರಿಂದ ಭಾಗಿಸಿ. ಎಫ್‌ಎಸ್‌ಗೆ ಹತ್ತಿರ, ಅದಕ್ಕಿಂತ ಚೂರು ಕೆಳಗೆ ಟ್ಯೂನ್ ಮಾಡುವುದು ವಾಡಿಕೆ. ನಾವು 48 ಹರ್ಟ್ಜ್ ಇಟ್ಟುಕೊಳ್ಳೋಣ. 344 ÷ 192 = 1.79 ಮೀಟರ್.

ಇದು ಉದ್ದಕ್ಕೂ ಒಂದೇ ಅಗಲ ಇರುವ ಕೊಳವೆಯ ಲೆಕ್ಕ. ಅಂಥ ಕೊಳವೆ 48ಕ್ಕೆ ದನಿಗೂಡುವ ಹಾಗೆಯೇ ಅದರ ಮೂರರಷ್ಟಕ್ಕೆ (144), ಐದರಷ್ಟಕ್ಕೆ (240), ಏಳರಷ್ಟಕ್ಕೆ (336) ಕೂಡ ದನಿಗೂಡುತ್ತದೆ. 144 ಹರ್ಟ್ಜ್ ಅಂದರೆ ಗಂಡಸಿನ ದನಿಯ ನಟ್ಟನಡುವೆ. ಅಲ್ಲಿ ಪೆಟ್ಟಿಗೆ ತನ್ನ ದನಿಯನ್ನೂ ಸೇರಿಸಿದರೆ ಮಾತು ಟೊಳ್ಳಾಗಿ ಕೇಳುತ್ತದೆ.

3. ಕಿರಿದಾಗುವ ಲೈನ್

ಮುಚ್ಚಿದ ತುದಿ ಅಗಲ, ತೆರೆದ ತುದಿ ಕಿರಿದು ಮಾಡಿದರೆ ಎರಡು ಲಾಭ. ಮೊದಲನೆಯದು, ಅದೇ ಫ್ರೀಕ್ವೆನ್ಸಿಗೆ ಉದ್ದ ಕಡಿಮೆ ಸಾಕು. ವಿಸ್ತೀರ್ಣದ ಅನುಪಾತ 3:1 ಇಟ್ಟರೆ ಉದ್ದ 0.79 ಪಟ್ಟಿಗೆ ಇಳಿಯುತ್ತದೆ. 4:1 ಇಟ್ಟರೆ 0.74ರ ಹತ್ತಿರಕ್ಕೆ. ಎರಡನೆಯದು ಇನ್ನೂ ಮುಖ್ಯ: ಹಾರ್ಮೋನಿಕ್‌ಗಳು ಮೇಲಕ್ಕೆ ಸರಿಯುತ್ತವೆ. 3:1 ಲೈನಿನಲ್ಲಿ ಮುಂದಿನ ಸ್ವರ ಬರುವುದು ಮೂರರಷ್ಟಕ್ಕಲ್ಲ, ಸುಮಾರು 3.7ರಷ್ಟಕ್ಕೆ. ಅಂದರೆ 144ರ ಬದಲು 178 ಹರ್ಟ್ಜ್. ಅದರ ಮುಂದಿನದು 300ರ ಸುತ್ತ. ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಸ್ಟಫಿಂಗಿಗೆ ಅದನ್ನು ಹೀರುವುದು ಸುಲಭ.

ನಾವು 3:1 ಇಟ್ಟುಕೊಳ್ಳೋಣ. 1.79 × 0.79 = 1.415 ಮೀಟರ್.

ಇದರಲ್ಲಿ ಚೂರು ಕಳೆಯಬೇಕು. ತೆರೆದ ಬಾಯಿಯ ಆಚೆಗೂ ಒಂದಿಷ್ಟು ಗಾಳಿ ಲೈನಿನ ಜೊತೆಗೇ ಅಲ್ಲಾಡುತ್ತದೆ. ಬಾಯಿಯ ವಿಸ್ತೀರ್ಣಕ್ಕೆ ಸಮನಾದ ವೃತ್ತದ ತ್ರಿಜ್ಯ ತೆಗೆದುಕೊಂಡು, ಅದರ 0.6ರಿಂದ 0.85ರಷ್ಟು ಹಿಡಿಯಿರಿ. ನಮ್ಮ ಬಾಯಿಗೆ ಇದು ಮೂರರಿಂದ ನಾಲ್ಕು ಸೆಂ.ಮೀ. ಹಾಗಾಗಿ ಮರದಲ್ಲಿ ಕಟ್ಟಬೇಕಾದ ಉದ್ದ 138 ಸೆಂ.ಮೀ.

ವಿಸ್ತೀರ್ಣ ಎಷ್ಟಿರಬೇಕು? ಮುಚ್ಚಿದ ತುದಿಗೆ ಎಸ್‌ಡಿಯ ಎರಡರಿಂದ ಎರಡೂವರೆ ಪಟ್ಟು ಒಳ್ಳೆಯ ಆರಂಭ. ನಾನು 200 ಚದರ ಸೆಂ.ಮೀ. ಹಿಡಿದಿದ್ದೇನೆ. ತೆರೆದ ತುದಿ ಅದರ ಮೂರನೇ ಒಂದು, 67. ಇದು ಕಿರಿದಾಯಿತು ಅನ್ನಿಸಬಹುದು. ಆದರೆ ಚಿಕ್ಕ ಸ್ಪೀಕರ್‌ಗೆ ಹಾಕುವ 5 ಸೆಂ.ಮೀ. ವ್ಯಾಸದ ಪೋರ್ಟಿನ ವಿಸ್ತೀರ್ಣ 20 ಚದರ ಸೆಂ.ಮೀ. ಕೂಡ ಇರುವುದಿಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಬಾಯಿ ಮೂರು ಪಟ್ಟಿಗಿಂತ ದೊಡ್ಡದು, ಹಾಗಾಗಿ ಗಾಳಿ ಬುಸುಗುಡುವ ತೊಂದರೆ ಕಡಿಮೆ. ಒಟ್ಟು ಪ್ರಮಾಣ 18.4 ಲೀಟರ್.

ನಿಮ್ಮ ವೂಫರ್ ನಾಲ್ಕು ಇಂಚಿನದೋ ಆರೂವರೆ ಇಂಚಿನದೋ ಆದರೆ ವಿಸ್ತೀರ್ಣಗಳನ್ನು ಎಸ್‌ಡಿಗೆ ತಕ್ಕಂತೆ ಬದಲಿಸಿ. ಉದ್ದಕ್ಕೂ ಕೋನಿನ ಗಾತ್ರಕ್ಕೂ ಸಂಬಂಧ ಇಲ್ಲ. ಅದು ಫ್ರೀಕ್ವೆನ್ಸಿಯನ್ನು ಮತ್ತು ಟೇಪರನ್ನು (ಲೈನ್ ಕಿರಿದಾಗುವ ಅನುಪಾತವನ್ನು) ಮಾತ್ರ ಕೇಳುತ್ತದೆ.

ಮರಕ್ಕೆ ಕೈ ಹಾಕುವ ಮೊದಲು ಹಾರ್ನ್‌ರೆಸ್ಪ್‌ನಂಥ ಉಚಿತ ಪ್ರೋಗ್ರಾಮಿನಲ್ಲಿ ಇದನ್ನೆಲ್ಲ ತುಂಬಿ ನೋಡಿ. ಅನುಪಾತವನ್ನೋ ವೂಫರಿನ ಜಾಗವನ್ನೋ ಬದಲಿಸಿದರೆ ಗ್ರಾಫ್ ಹೇಗೆ ಬದಲಾಗುತ್ತದೆ ಎಂದು ಗೊತ್ತಾಗುತ್ತದೆ. ಅಲ್ಲಿ ಆಟ ಆಡಿದರೆ ಪ್ಲೈವುಡ್ ಹಾಳಾಗುವುದಿಲ್ಲ.

4. ವೂಫರ್ ಎಲ್ಲಿ ಕೂರಬೇಕು

ವೂಫರನ್ನು ಮುಚ್ಚಿದ ತುದಿಯಲ್ಲೇ ಇಟ್ಟರೆ ಅದು ಎಲ್ಲ ಹಾರ್ಮೋನಿಕ್‌ಗಳನ್ನೂ ಎಬ್ಬಿಸುತ್ತದೆ, ಯಾಕೆಂದರೆ ಎಲ್ಲ ಸ್ವರಗಳ ಒತ್ತಡವೂ ಅಲ್ಲಿ ಗರಿಷ್ಠ. ಅದನ್ನು ಲೈನಿನಲ್ಲಿ ಮುಂದಕ್ಕೆ ಸರಿಸುತ್ತಾ ಹೋಗಿ. ಮುಚ್ಚಿದ ತುದಿಯಿಂದ ಮೂರನೇ ಒಂದು ಭಾಗ ಬಂದಾಗ, ಎರಡನೇ ಸ್ವರದ (ನಮ್ಮ 178 ಹರ್ಟ್ಜ್) ಒತ್ತಡ ಸೊನ್ನೆಯಾಗುವ ಜಾಗ ಸಿಗುತ್ತದೆ. ಅಲ್ಲಿಂದ ಆ ಸ್ವರವನ್ನು ಎಬ್ಬಿಸಲು ಹೋಗುವುದೆಂದರೆ ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದ ಹಾಗೆ, ಎಷ್ಟು ತಳ್ಳಿದರೂ ಅಲುಗುವುದಿಲ್ಲ. ಮೂಲ ಸ್ವರಕ್ಕೆ ಮಾತ್ರ ಅಲ್ಲಿ ಬೇಕಾದಷ್ಟು ಹಿಡಿತ ಇರುತ್ತದೆ.

ಒಂದು ರೂಪಾಯಿ ಖರ್ಚಿಲ್ಲದ ಉಪಾಯ ಇದು. ಆದರೂ ಎಷ್ಟೋ ನಕ್ಷೆಗಳಲ್ಲಿ ವೂಫರ್ ಸುಮ್ನೆ ತುದಿಯಲ್ಲಿ ಕೂತಿರುತ್ತದೆ, ಆಮೇಲೆ ಆ ತಪ್ಪನ್ನು ಮುಚ್ಚಲು ಕಿಲೋಗಟ್ಟಲೆ ಸ್ಟಫಿಂಗ್!

ನಮ್ಮ ಲೈನಿಗೆ ಈ ಜಾಗ ಮುಚ್ಚಿದ ತುದಿಯಿಂದ 46 ಸೆಂ.ಮೀ. ಇಲ್ಲಿ ವೂಫರಿನ ನಡುಬಿಂದು ಬರಬೇಕು. ಒಂದೆರಡು ಸೆಂ.ಮೀ. ಆಚೀಚೆ ಆದರೆ ಆಕಾಶ ಕಳಚಿ ಬೀಳುವುದಿಲ್ಲ.

5. ಮಡಿಸುವುದು

138 ಸೆಂ.ಮೀ. ಉದ್ದದ ಕೊಳವೆಯನ್ನು ಕೋಣೆಯಲ್ಲಿ ಹಾಗೇ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಒಂದು ಸಲ ಮಡಿಸಿದರೆ ಸಾಕು. ಮುಚ್ಚಿದ ತುದಿಯನ್ನು ಮುಂಭಾಗದ ಕೆಳಗಡೆ ಇಡಿ. ಲೈನ್ ಮುಂಭಾಗದಲ್ಲಿ ಮೇಲಕ್ಕೆ ಹೋಗಿ, ತಲೆಯ ಹತ್ತಿರ ತಿರುಗಿ, ಹಿಂಭಾಗದಲ್ಲಿ ಕೆಳಕ್ಕೆ ಇಳಿದು, ಹಿಂದಿನ ಹಲಗೆಯ ಬುಡದಲ್ಲಿ ಹೊರಬರುತ್ತದೆ. ಹೀಗೆ ಮಾಡಿದರೆ ಮೂರನೇ ಒಂದು ಭಾಗದ ಜಾಗ ತಾನಾಗಿ ಪೆಟ್ಟಿಗೆಯ ಮೇಲ್ಭಾಗಕ್ಕೆ ಬರುತ್ತದೆ. ವೂಫರ್ ಅಲ್ಲಿ, ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಅದರ ಮೇಲೆ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲು ಕೆಳಗೊಂದು ಪೀಠ ಬೇಕಾಗುತ್ತದೆ.

ಒಳ ಅಗಲ 14 ಸೆಂ.ಮೀ. ಎಂದು ಇಟ್ಟುಕೊಂಡರೆ, ವಿಸ್ತೀರ್ಣವನ್ನು 14ರಿಂದ ಭಾಗಿಸಿದರೆ ಆಳ ಸಿಗುತ್ತದೆ. ಮುಚ್ಚಿದ ತುದಿಯಲ್ಲಿ 14.3, ನಡುವೆ ಮಡಿಕೆಯಲ್ಲಿ 9.5, ತೆರೆದ ತುದಿಯಲ್ಲಿ 4.8 ಸೆಂ.ಮೀ. ಈಗ ಒಂದು ಸೊಗಸು ನೋಡಿ. ಬುಡದಲ್ಲಿ ಮುಂದಿನ ದಾರಿ 14.3, ಹಿಂದಿನ ದಾರಿ 4.8, ಕೂಡಿದರೆ 19.1. ತಲೆಯ ಹತ್ತಿರ 9.5 ಮತ್ತು 9.5, ಕೂಡಿದರೆ 19. ವಿಸ್ತೀರ್ಣ ಒಂದೇ ಸಮನೆ ಇಳಿಯುವ ಲೈನನ್ನು ಸರಿಯಾಗಿ ಅರ್ಧಕ್ಕೆ ಮಡಿಸಿದರೆ ಯಾವ ಎತ್ತರದಲ್ಲಿ ಕೂಡಿದರೂ ಅಷ್ಟೇ ಬರುತ್ತದೆ. ಅಂದರೆ ಹೊರಗಿನಿಂದ ಸಾದಾ ಚೌಕ ಪೆಟ್ಟಿಗೆ, ಒಳಗೆ ಓರೆಯಾಗಿ ನಿಂತ ಒಂದೇ ಒಂದು ನೇರ ಹಲಗೆ. ಟೇಪರ್ ಎಲ್ಲಾ ಆ ಹಲಗೆಯ ಓರೆಯಲ್ಲೇ ಮುಗಿಯಿತು.

ಉದ್ದವನ್ನು ದಾರಿಯ ನಡುಗೆರೆಯಲ್ಲಿ ಅಳೆಯಿರಿ. ಮಡಿಕೆಯಲ್ಲಿ ಹಲಗೆಯ ತುದಿಗೂ ಪೆಟ್ಟಿಗೆಯ ಮೇಲ್ಚಾವಣಿಗೂ ನಡುವೆ 9.5 ಸೆಂ.ಮೀ. ಬಿಡಿ. ಲೆಕ್ಕ ಹಾಕಿದರೆ ಒಳ ಎತ್ತರ 68 ಸೆಂ.ಮೀ. ಬರುತ್ತದೆ. ಮಡಿಕೆಯ ಮೂಲೆಗಳಿಗೆ 45 ಡಿಗ್ರಿಯ ತುಂಡು ಇಡಬೇಕಾ ಎಂದು ಕೇಳುವವರಿದ್ದಾರೆ. 48 ಹರ್ಟ್ಜ್ ಅಲೆಯ ಉದ್ದ ಏಳು ಮೀಟರ್. ಅದಕ್ಕೆ ಹತ್ತು ಸೆಂ.ಮೀ. ಮೂಲೆ ಕಣ್ಣಿಗೇ ಬೀಳುವುದಿಲ್ಲ. ಬೇಡ.

6. ಮರಗೆಲಸ

18 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್. ಒಂದು ಪೆಟ್ಟಿಗೆಗೆ ಬೇಕಾದ ತುಂಡುಗಳು, ಸೆಂ.ಮೀ.ಗಳಲ್ಲಿ:

- ಪಕ್ಕದ ಹಲಗೆ ಎರಡು: 71.6 × 24.5
- ಮುಂದಿನ ಹಲಗೆ: 71.6 × 14
- ಮೇಲಿನ ಹಲಗೆ: 20.9 × 14
- ಕೆಳಗಿನ ಹಲಗೆ: 22.7 × 14 (ಹಿಂದಿನ ಅಂಚಿನವರೆಗೂ ಬರುತ್ತದೆ)
- ಹಿಂದಿನ ಹಲಗೆ: 65 × 14 (ಕೆಳಗೆ 4.8 ಸೆಂ.ಮೀ. ಬಾಯಿ ಉಳಿಯುತ್ತದೆ)
- ಒಳಗಿನ ಓರೆ ಹಲಗೆ: 58.6 × 14

ಓರೆ ಹಲಗೆಯ ಗುರುತು ಹಾಕುವುದು ಹೀಗೆ. ಪಕ್ಕದ ಹಲಗೆಯ ಒಳಮೈ ಮೇಲೆ, ಮುಂದಿನ ಹಲಗೆಯ ಒಳಮುಖ ಬರುವ ಗೆರೆ ಎಳೆದುಕೊಳ್ಳಿ. ಬುಡದಲ್ಲಿ ಆ ಗೆರೆಯಿಂದ 14.3 ಸೆಂ.ಮೀ. ಹಿಂದೆ ಒಂದು ಚುಕ್ಕಿ. ಒಳ ನೆಲದಿಂದ 58.5 ಸೆಂ.ಮೀ. ಎತ್ತರದಲ್ಲಿ, ಅದೇ ಗೆರೆಯಿಂದ 10.3 ಸೆಂ.ಮೀ. ಹಿಂದೆ ಇನ್ನೊಂದು ಚುಕ್ಕಿ. ಎರಡನ್ನೂ ಸೇರಿಸಿದರೆ ಅದು ಓರೆ ಹಲಗೆಯ ಮುಂದಿನ ಮುಖ. ಎರಡೂ ಪಕ್ಕದ ಹಲಗೆಗಳನ್ನು ಪುಸ್ತಕ ಬಿಡಿಸಿಟ್ಟ ಹಾಗೆ ಜೊತೆಗಿಟ್ಟು, ಕನ್ನಡಿಯ ಬಿಂಬದಂತೆ ಗುರುತು ಹಾಕಿ. ಇಲ್ಲದಿದ್ದರೆ ಎರಡೂ ಒಂದೇ ಕಡೆಯವಾಗುತ್ತವೆ. ಗುರುತಿನ ಪಕ್ಕ ತೆಳು ಮರದ ಪಟ್ಟಿ ಹೊಡೆದರೆ ಹಲಗೆ ಜಾರದೆ ಕೂರುತ್ತದೆ. ಹಲಗೆಯ ಬುಡದ ಅಂಚನ್ನು ಅದೇ ಓರೆಗೆ ಸ್ವಲ್ಪ ಉಜ್ಜಿ, ನೆಲಕ್ಕೆ ಪೂರ್ತಿ ತಾಕುವಂತೆ ಮಾಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಇಲ್ಲೇ. ಈ ಹಲಗೆಯ ಬುಡದಲ್ಲೋ ಪಕ್ಕದಲ್ಲೋ ಸಂದು ಬಿಟ್ಟರೆ, ಮುಚ್ಚಿದ ತುದಿಯ ಒತ್ತಡ ನೇರವಾಗಿ ಬಾಯಿಗೆ ಸೋರುತ್ತದೆ. ಆಗ 138 ಸೆಂ.ಮೀ. ದಾರಿ ಕಟ್ಟಿದ್ದಕ್ಕೆ ಅರ್ಥವೇ ಇಲ್ಲ. ಹೊರಗಿನ ಸೋರಿಕೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಅಂಟು ಧಾರಾಳವಾಗಿ ಹಾಕಿ, ಒಣಗಿದ ಮೇಲೆ ಸಂದಿನುದ್ದಕ್ಕೂ ಸೀಲಂಟ್ ಎಳೆಯಿರಿ. ಅಂಟಿಸಿದ ಮೇಲೆ ಇದೇ ಹಲಗೆ ಪಕ್ಕದ ಹಲಗೆಗಳಿಗೆ ಬ್ರೇಸಿಂಗ್ (ಅದುರದಂತೆ ಬಿಗಿಹಿಡಿಯುವ ಆಸರೆ) ಆಗಿಯೂ ಕೆಲಸ ಮಾಡುತ್ತದೆ, ಬೇರೆ ಬ್ರೇಸ್ ಬೇಕಾಗುವುದಿಲ್ಲ.

ವೂಫರಿನ ತೂತಿನ ಒಳ ಅಂಚನ್ನು ಓರೆಯಾಗಿ ಕೆತ್ತಿ. 18 ಮಿ.ಮೀ. ದಪ್ಪದ ಹಲಗೆಯಲ್ಲಿ ನೇರ ತೂತು ಕೊರೆದರೆ ಕೋನಿನ ಹಿಂದಿನ ಗಾಳಿಗೆ ಅದೇ ಒಂದು ಇಕ್ಕಟ್ಟು. ಆ ಜಾಗದಲ್ಲಿ ದಾರಿಯ ಆಳ ಸುಮಾರು 11 ಸೆಂ.ಮೀ. ಇರುತ್ತದೆ, ಮ್ಯಾಗ್ನೆಟ್ಟಿನ ಹಿಂದೆ ನಾಲ್ಕು ಸೆಂ.ಮೀ. ಆದರೂ ಉಳಿಯುತ್ತದಾ ನೋಡಿಕೊಳ್ಳಿ.

ಒಂದು ಪಕ್ಕದ ಹಲಗೆಯನ್ನು ಈಗಲೇ ಅಂಟಿಸಬೇಡಿ. ಅಂಚಿಗೂ ಓರೆ ಹಲಗೆಯ ಅಂಚಿಗೂ ಫೋಮ್ ಟೇಪ್ ಹಾಕಿ ಸ್ಕ್ರೂನಲ್ಲಿ ಬಿಗಿಯಿರಿ. ಮುಂದಿನ ಹಂತದಲ್ಲಿ ಅದನ್ನು ಹಲವು ಸಲ ಬಿಚ್ಚಬೇಕಾಗುತ್ತದೆ.

7. ಸ್ಟಫಿಂಗ್

ಮೂರನೇ ಉಪಾಯ. ಇದರ ಬಗ್ಗೆ ಮಾತು ಜಾಸ್ತಿ, ಒಮ್ಮತ ಕಡಿಮೆ. ತುಂಬಿದ ಎಳೆಗಳು ಲೈನಿನಲ್ಲಿ ಶಬ್ದದ ವೇಗವನ್ನು ತಗ್ಗಿಸುತ್ತವೆ, ಹಾಗಾಗಿ ಲೈನ್ ಚಿಕ್ಕದಾದರೂ ನಡೆಯುತ್ತದೆ ಎಂಬುದು ಹಳೆಯ ನಂಬಿಕೆ. ಅದರಲ್ಲಿ ಸತ್ಯ ಇದೆ, ಆದರೆ ಮಿತಿ ಇದೆ. ಗಾಳಿಯ ಬಿಸಿಯನ್ನು ಎಳೆಗಳು ಪೂರ್ತಿ ಹೀರಿಕೊಂಡರೂ ವೇಗ ಇಳಿಯುವುದು ಹೆಚ್ಚೆಂದರೆ ಶೇ 15ರಷ್ಟು. ಹದವಾಗಿ ತುಂಬಿದ ಲೈನಿನಲ್ಲಿ ಅಷ್ಟೂ ಸಿಗುವುದಿಲ್ಲ. ಆದ್ದರಿಂದ ಸ್ಟಫಿಂಗನ್ನು ಉದ್ದ ಉಳಿಸಲು ಬಳಸಬೇಡಿ, ಹಾರ್ಮೋನಿಕ್ ಹೀರಲು ಬಳಸಿ. ಟ್ಯೂನಿಂಗ್ ಒಂದೆರಡು ಹರ್ಟ್ಜ್ ಇಳಿದರೆ ಅದು ಲಾಭ.

ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ಸಾಕು. ಉದ್ದ ಎಳೆಯ ಉಣ್ಣೆ ಇನ್ನೂ ಚೆನ್ನಾಗಿ ಹೀರುತ್ತದೆ, ಆದರೆ ನುಸಿ ಹಿಡಿಯದಂತೆ ಮಾಡಿದ್ದು ಬೇಕು. ಗ್ಲಾಸ್ ವೂಲ್ ನನಗೆ ಬೇಡ: ಲೈನಿನ ಬಾಯಿ ತೆರೆದಿರುತ್ತದೆ, ಆ ಚೂರುಗಳು ಕೋಣೆಗೆ ಬರುವುದು ಯಾರಿಗೆ ಬೇಕು?

ಎಲ್ಲಿ ತುಂಬಬೇಕು? ಮುಚ್ಚಿದ ತುದಿಯಿಂದ ಮೂರನೇ ಎರಡು ಭಾಗದವರೆಗೆ, ಅಂದರೆ ಮೊದಲ 92 ಸೆಂ.ಮೀ. ಕೊನೆಯ ಭಾಗ ಖಾಲಿ. ಬಾಯಿಯ ಹತ್ತಿರ ಗಾಳಿಯ ಓಟ ಜೋರಾಗಿರುತ್ತದೆ. ಅಲ್ಲಿ ತುಂಬಿದರೆ ಹಾರ್ಮೋನಿಕ್ ಜೊತೆಗೆ ನಮಗೆ ಬೇಕಾದ ಬಾಸೂ ಹೋಗುತ್ತದೆ.

ಎಷ್ಟು? ಲೀಟರಿಗೆ 8 ಗ್ರಾಂನಿಂದ ಶುರು ಮಾಡಿ. ಆರ್ಥರ್ ಬೇಲಿ ಉಣ್ಣೆಗೆ ಹೇಳಿದ್ದೂ ಹೆಚ್ಚುಕಮ್ಮಿ ಇಷ್ಟೇ. ನಮ್ಮ ಮೊದಲ 92 ಸೆಂ.ಮೀ.ನಲ್ಲಿ 14.3 ಲೀಟರ್ ಇದೆ, ಹಾಗಾಗಿ 115 ಗ್ರಾಂ. ತಕ್ಕಡಿಯಲ್ಲಿ ತೂಗಿ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ, ಒಂದೇ ತೂಕದ ಫೈಬರ್ ಒಮ್ಮೆ ಮುಷ್ಟಿಯಷ್ಟು, ಒಮ್ಮೆ ಬುಟ್ಟಿಯಷ್ಟು ಕಾಣುತ್ತದೆ. ಗಂಟುಗಳನ್ನು ಬೆರಳಲ್ಲಿ ಬಿಡಿಸಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಹಿಂಜಿ, ಆಮೇಲೆ ಪದರ ಪದರವಾಗಿ ಸಡಿಲವಾಗಿ ಇಡಿ. ತುರುಕಿದರೆ ಒಂದು ಕಡೆ ಉಂಡೆ, ಇನ್ನೊಂದು ಕಡೆ ಖಾಲಿ. ಲೀಟರಿಗೆ 12 ಗ್ರಾಂ (ಒಟ್ಟು 170) ತನಕ ಹಂತ ಹಂತವಾಗಿ ಏರಿಸಬಹುದು. ಫೈಬರ್ ಕೆಳಗೆ ಜಗ್ಗದಂತೆ ಮಡಿಕೆಯ ಹತ್ತಿರ ಒಂದೆರಡು ದಾರ ಅಡ್ಡ ಕಟ್ಟಿ, ಮ್ಯಾಗ್ನೆಟ್ಟಿಗೂ ಕೋನಿಗೂ ತಾಕದ ಹಾಗೆ ನೋಡಿಕೊಳ್ಳಿ.

8. ಅಳತೆ

ಕಿವಿಗಿಂತ ಮೊದಲು ಇಂಪೀಡೆನ್ಸ್, ಅಂದರೆ ಒಂದೊಂದು ಫ್ರೀಕ್ವೆನ್ಸಿಯಲ್ಲೂ ವೂಫರ್ ವಿದ್ಯುತ್ತಿಗೆ ಒಡ್ಡುವ ತಡೆ. ಒಂದು ರೆಸಿಸ್ಟರ್, ಕಂಪ್ಯೂಟರಿನ ಸೌಂಡ್ ಕಾರ್ಡ್, ಆರ್‌ಇಡಬ್ಲ್ಯೂನಂಥ ಉಚಿತ ಪ್ರೋಗ್ರಾಂ ಇದ್ದರೆ ಆಯಿತು. ಖಾಲಿ ಲೈನಿನಲ್ಲಿ ಒಮ್ಮೆ ಅಳೆದಿಟ್ಟುಕೊಳ್ಳಿ. ಎರಡು ಎತ್ತರದ ಗುಡ್ಡ, ಅವುಗಳ ನಡುವೆ ಒಂದು ತಗ್ಗು ಕಾಣುತ್ತದೆ. ಆ ತಗ್ಗು 48ರ ಆಸುಪಾಸಿನಲ್ಲಿದ್ದರೆ ಉದ್ದದ ಲೆಕ್ಕ ಸರಿ. ನಂತರ 178ರ ಹತ್ತಿರ ನೋಡಿ. ಅಲ್ಲಿ ಗೆರೆ ನುಣುಪಾಗಿರಬೇಕು. ಪುಟ್ಟ ಉಬ್ಬೊಂದು ಎದ್ದು ಕಂಡರೆ, ವೂಫರಿನ ಜಾಗ ತಪ್ಪಿದೆ ಅಥವಾ ಓರೆ ಹಲಗೆ ಎಲ್ಲೋ ಸೋರುತ್ತಿದೆ. 300ರ ಹತ್ತಿರ ಒಂದು ಪುಟ್ಟ ಉಬ್ಬು ಇದ್ದೇ ಇರುತ್ತದೆ. ಅದಕ್ಕೆ ವೂಫರಿನ ಜಾಗದಿಂದ ಮದ್ದಿಲ್ಲ, ಅದು ಸ್ಟಫಿಂಗಿನ ಪಾಲು.

ಈಗ 115 ಗ್ರಾಂ ತುಂಬಿ ಮತ್ತೆ ಅಳೆಯಿರಿ. 300ರ ಉಬ್ಬು ಮಾಯವಾಗಬೇಕು, ಕೆಳಗಿನ ಗುಡ್ಡ ತಗ್ಗಬೇಕು. ಆಮೇಲೆ ಮೈಕನ್ನು ಕೋನಿಗೆ ಒಂದು ಸೆಂ.ಮೀ. ಹತ್ತಿರ ಹಿಡಿದು ಒಂದು ಅಳತೆ, ಲೈನಿನ ಬಾಯಿಯ ಅಂಚಿನಲ್ಲಿ ಹಿಡಿದು ಇನ್ನೊಂದು. ಎರಡನ್ನೂ ಒಂದೇ ಗ್ರಾಫಿನಲ್ಲಿ ನೋಡುವಾಗ ಬಾಯಿಯದರಿಂದ 1.2 ಡೆಸಿಬೆಲ್ ಕಳೆಯಿರಿ, ಬಾಯಿ ಕೋನಿಗಿಂತ ಚಿಕ್ಕದು ಎಂಬುದಕ್ಕೆ ಆ ಸರಿಪಡಿಕೆ. ಟ್ಯೂನಿಂಗ್ ಸುತ್ತ ಕೋನಿನ ಗೆರೆ ಕುಸಿದು ಬಾಯಿಯ ಗೆರೆ ಏರಿರಬೇಕು. ಕೋನ್ ಕಡಿಮೆ ಓಡುತ್ತಿದೆ, ಲೈನ್ ಕೆಲಸ ಮಾಡುತ್ತಿದೆ ಎಂದು ಅರ್ಥ. 150ರ ಮೇಲೆ ಬಾಯಿಯ ಗೆರೆ ಕೋನಿನದಕ್ಕಿಂತ ಚೆನ್ನಾಗಿ ಕೆಳಗಿರಬೇಕು.

ಇಷ್ಟಾದ ಮೇಲೆ ಕಿವಿ. ಸಂಗೀತಕ್ಕಿಂತ ಮೊದಲು ಗಂಡಸಿನ ಮಾತು ಹಾಕಿ. ಟೊಳ್ಳು ಅನ್ನಿಸಿದರೆ ಹತ್ತಿಪ್ಪತ್ತು ಗ್ರಾಂ ಸೇರಿಸಿ. ಬಾಸ್ ಒಣಗಿದಂತೆ ಅನ್ನಿಸಿದರೆ ತೆಗೆಯಿರಿ, ಅದೂ ಬಾಯಿಗೆ ಹತ್ತಿರದ ಕಡೆಯಿಂದ.

9. ಕೊನೆಯ ಜೋಡಣೆ

17.6 ಸೆಂ.ಮೀ. ಅಗಲದ ಮುಖದ ಮೇಲೆ 650 ಹರ್ಟ್ಜ್ ಸುತ್ತಮುತ್ತಲಿಂದ ಕೆಳಗೆ ಶಬ್ದ ಪೆಟ್ಟಿಗೆಯ ಹಿಂದಕ್ಕೂ ಹರಡಲು ಶುರುವಾಗುತ್ತದೆ, ಮುಂದೆ ಕೇಳುವವರಿಗೆ ಮಟ್ಟ ಇಳಿಯುತ್ತದೆ. ಕ್ರಾಸ್‌ಓವರಿನಲ್ಲಿ (ವೂಫರಿಗೂ ಟ್ವೀಟರಿಗೂ ಸ್ವರ ಹಂಚುವ ಸರ್ಕ್ಯೂಟ್) ಇದನ್ನು ಸರಿದೂಗಿಸದಿದ್ದರೆ ಎಂಥ ಒಳ್ಳೆಯ ಲೈನೂ ತೆಳ್ಳಗೆ ಕೇಳುತ್ತದೆ. ಅಂಥ ಸ್ಪೀಕರ್ ಕೇಳಿ ಲೈನನ್ನೇ ಬೈಯುವವರು ಬಹಳ.

ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಲೈನಿನ ಆಸರೆ ಇರುವುದಿಲ್ಲ. 30 ಹರ್ಟ್ಜ್ ಸದ್ದು ಬಂದರೆ ಅದು ಸುಮ್ನೆ ಹಿಂದೆ ಮುಂದೆ ಓಡಾಡಿ ಎಕ್ಸ್‌ಮ್ಯಾಕ್ಸ್ ದಾಟುತ್ತದೆ. ಚಿಕ್ಕ ವೂಫರ್‌ಗಳು ಸಾಯುವುದು ಹೆಚ್ಚಾಗಿ ಹೀಗೇ. ಆಂಪ್ಲಿಫೈಯರಿನಲ್ಲೋ ಪ್ಲೇಯರಿನಲ್ಲೋ 35 ಹರ್ಟ್ಜ್‌ಗೆ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವುದು) ಹಾಕುವ ಅನುಕೂಲ ಇದ್ದರೆ ಹಾಕಿಬಿಡಿ.

ಬಾಯಿ ಹಿಂದಿರುವುದರಿಂದ ಗೋಡೆಗೆ ಅಂಟಿಸಿ ಇಡಬೇಡಿ. ಇಪ್ಪತ್ತು ಸೆಂ.ಮೀ.ನಿಂದ ಶುರು ಮಾಡಿ, ಬಾಸ್ ಕಡಿಮೆ ಅನ್ನಿಸಿದರೆ ಹತ್ತಿರಕ್ಕೆ, ಊದಿಕೊಂಡಂತೆ ಅನ್ನಿಸಿದರೆ ದೂರಕ್ಕೆ ಸರಿಸಿ. ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡು ಸ್ಟಫಿಂಗ್ ಹದ ನೋಡಲು ಹೋಗಬೇಡಿ, ಮೂಲೆ ಸೇರಿಸುವ ಬಾಸ್ ಯಾವುದು, ಲೈನಿನದು ಯಾವುದು ಎಂದೇ ಗೊತ್ತಾಗುವುದಿಲ್ಲ. ಪಕ್ಕದ ಹಲಗೆಯ ಸ್ಕ್ರೂಗಳನ್ನು ಕೆಲವು ವಾರ ಹಾಗೇ ಬಿಟ್ಟಿರಿ. ಹತ್ತು ಗ್ರಾಂ ಹಾಕುವ, ತೆಗೆಯುವ ಮನಸ್ಸು ನಿಂತ ಮೇಲೆ ಟೇಪ್ ಕಿತ್ತು ಅಂಟು ಹಾಕಿ.